ಉಸಿರು ಎಣಿಸುವ ರಬ್ಬರ್ ಬ್ಯಾಂಡ್

ಮಕ್ಕಳೇ, ಪುಟ್ಟ ಮಗುವಿಗೆ ಕೆಮ್ಮು, ನೆಗಡಿ ಜೋರಾದಾಗ ಆರೋಗ್ಯ ಕಾರ್ಯಕರ್ತೆ ಏನು ಮಾಡುತ್ತಾರೆ, ನೋಡಿದ್ದೀರಾ? ಮಗುವಿನ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತಾ, ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾರೆ. 2ರಿಂದ 11 ತಿಂಗಳ ಮಗು ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು ಸಲ, 1ರಿಂದ 5 ವರ್ಷದ ಮಗು 40 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡಿದರೆ ಅದು ನ್ಯುಮೋನಿಯಾದ ಸೂಚನೆ ಇರಬಹುದು. ಆಗ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಆದರೆ ಅಳುವ, ಹೊರಳಾಡುವ ಮಗುವಿನ ಉಸಿರು ಎಣಿಸುವುದು ಸುಲಭವಲ್ಲ. ಲೆಕ್ಕ ತಪ್ಪಿದರೆ ಕಾಯಿಲೆ ಗೊತ್ತಾಗದೇ ಹೋಗಬಹುದು.

ಎದೆಯ ಮೇಲಿಟ್ಟ ರಬ್ಬರ್ ಪಟ್ಟಿಯೇ ಉಸಿರನ್ನು ಗುರುತಿಸಿದರೆ? 2014ರಲ್ಲಿ ಐರ್ಲೆಂಡಿನ ಟ್ರಿನಿಟಿ ಕಾಲೇಜು ಮತ್ತು ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಂತಹ ಪಟ್ಟಿಯನ್ನು ಮಾಡಿ ತೋರಿಸಿದರು. ಅದಕ್ಕೆ ಬಳಸಿದ್ದು ಪೊಟ್ಟಣಕ್ಕೆ ಸುತ್ತುವಂತಹ ಸಾಧಾರಣ ರಬ್ಬರ್ ಬ್ಯಾಂಡ್!

ಎರಡು ವಸ್ತು, ಎರಡು ಗುಣ

ತಾಮ್ರದ ತಂತಿ ಒಳ್ಳೆಯ ವಿದ್ಯುತ್ ವಾಹಕ. ಆದರೆ ಜೋರಾಗಿ ಎಳೆದರೆ ತುಂಡಾಗುತ್ತದೆ. ರಬ್ಬರ್ ಚೆನ್ನಾಗಿ ಹಿಗ್ಗುತ್ತದೆ. ಆದರೆ ಅದು ಅವಾಹಕ. ರಬ್ಬರಿನ ಅಣುಗಳು ಉದ್ದನೆಯ ಸರಪಳಿಗಳಂತಿವೆ. ಇಂತಹ ವಸ್ತುಗಳಿಗೆ ಪಾಲಿಮರ್ ಎನ್ನುತ್ತಾರೆ. ಸುರುಳಿಯಾಗಿರುವ ಸರಪಳಿಗಳು ಎಳೆದಾಗ ನೆಟ್ಟಗಾಗುತ್ತವೆ, ಬಿಟ್ಟಾಗ ಮತ್ತೆ ಸುರುಳಿಯಾಗುತ್ತವೆ.

ಹಿಗ್ಗುವ ಗುಣ ಮತ್ತು ವಿದ್ಯುತ್ ಹರಿಸುವ ಗುಣ ಒಂದೇ ವಸ್ತುವಿನಲ್ಲಿ ಬೇಕಾದರೆ? ಮಣ್ಣಿನ ಗೋಡೆ ಬಿರುಕು ಬಿಡದಿರಲಿ ಎಂದು ಹಿರಿಯರು ಮಣ್ಣಿಗೆ ಹುಲ್ಲು ಬೆರೆಸಿ ತುಳಿಯುತ್ತಿದ್ದರು. ಹೀಗೆ ಬೇರೆ ಬೇರೆ ಗುಣದ ವಸ್ತುಗಳನ್ನು ಬೆರೆಸಿ ಪಡೆದದ್ದೇ ಸಂಯೋಜಿತ ವಸ್ತು.

ವಿಜ್ಞಾನಿಗಳು ರಬ್ಬರಿಗೆ ಬೆರೆಸಿದ್ದು ಗ್ರಾಫೀನ್. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್ ಇಂಗಾಲದ ಹಾಳೆಗಳ ಕಟ್ಟು. ಅದರ ಒಂದೇ ಒಂದು ಹಾಳೆಯೇ ಗ್ರಾಫೀನ್. ಅದರ ದಪ್ಪ ಒಂದು ಪರಮಾಣುವಿನಷ್ಟು, ಅಂದರೆ ಒಂದು ನ್ಯಾನೋಮೀಟರಿಗಿಂತಲೂ ಕಡಿಮೆ. ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಅದರ ಒಂದು ಭಾಗವೇ ನ್ಯಾನೋಮೀಟರ್! ಇಷ್ಟು ಸೂಕ್ಷ್ಮ ಕಣಗಳು ಸೇರಿರುವುದರಿಂದ ಈ ರಬ್ಬರನ್ನು ನ್ಯಾನೋ ಸಂಯೋಜಿತ ವಸ್ತು ಎನ್ನುತ್ತಾರೆ.

ಟಾಲೂಯೀನ್ ಎಂಬ ದ್ರವದಲ್ಲಿ ನೆನೆಸಿದಾಗ ರಬ್ಬರ್ ಬ್ಯಾಂಡ್ ಉಬ್ಬಿತು. ಅನಂತರ ಅದನ್ನು ಗ್ರಾಫೀನ್ ಚೂರುಗಳಿದ್ದ ಇನ್ನೊಂದು ದ್ರವದಲ್ಲಿ ಇಟ್ಟರು. ಚೂರುಗಳು ಒಳಗೆ ಸೇರಿಕೊಂಡವು. ಕೊನೆಗೆ ತೊಳೆದು ಒಣಗಿಸಿದರು. ಟಾಲೂಯೀನಿನ ಆವಿ ಹಾನಿಕರ. ಆದ್ದರಿಂದ ಇದನ್ನು ಮನೆಯಲ್ಲಿ ಮಾಡಬಾರದು.

ಆಟದ ಮೈದಾನದಲ್ಲಿ ಉತ್ತರ

ಮೈದಾನದಲ್ಲಿ ಐದಾರು ಮಕ್ಕಳು ಚದುರಿ ನಿಂತಿದ್ದಾರೆ ಎನ್ನಿ. ಚೆಂಡನ್ನು ಎಸೆಯದೆ, ಕೈಯಿಂದ ಕೈಗೆ ಕೊಡುತ್ತಾ ಆಚೆ ಅಂಚಿಗೆ ದಾಟಿಸಬಹುದೆ? ಆಗದು. ಮಕ್ಕಳನ್ನು ಸೇರಿಸುತ್ತಾ ಹೋಗಿ. ಒಂದು ಹಂತದಲ್ಲಿ ಕೈಗೆ ಕೈ ಸಿಕ್ಕಿ ಥಟ್ಟನೆ ದಾರಿ ತೆರೆಯುತ್ತದೆ. ರಬ್ಬರಿನಲ್ಲೂ ಹಾಗೆಯೇ. ಗ್ರಾಫೀನ್ ತೀರಾ ಕಡಿಮೆ ಇದ್ದರೆ ವಿದ್ಯುತ್ ಹರಿಯದು. ಸಾಕಷ್ಟು ಸೇರಿದಾಗ ಹರಿಯುತ್ತದೆ.

ಈಗ ಎಲ್ಲರೂ ಒಬ್ಬರಿಂದೊಬ್ಬರು ಒಂದು ಹೆಜ್ಜೆ ದೂರ ಸರಿಯಲಿ. ಕೆಲವರ ಕೈ ಬಿಟ್ಟುಹೋಗುತ್ತದೆ. ಚೆಂಡು ಸುತ್ತು ದಾರಿ ಹಿಡಿಯಬೇಕು. ರಬ್ಬರನ್ನು ಎಳೆದಾಗಲೂ ಗ್ರಾಫೀನ್ ಚೂರುಗಳು ದೂರವಾಗಿ ವಿದ್ಯುತ್ತಿನ ದಾರಿಗಳು ಕಡಿಯುತ್ತವೆ, ರೋಧ ಹೆಚ್ಚುತ್ತದೆ. ಬಿಟ್ಟಾಗ ರೋಧ ಇಳಿಯುತ್ತದೆ. ದಾರಿ ಕಡಿಯುವುದು ಇಲ್ಲಿ ದೋಷವಲ್ಲ. ಅದೇ ನಮಗೆ ಬೇಕಾದ ಸುದ್ದಿ! ಉಸಿರೆಳೆದಾಗ ಎದೆ ಉಬ್ಬಿ ಪಟ್ಟಿ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ರೋಧ ಒಮ್ಮೆ ಏರಿ ಇಳಿದರೆ ಒಂದು ಉಸಿರು ಎಂದು ಲೆಕ್ಕ. ಹೀಗೆ ಬದಲಾವಣೆಯನ್ನು ಗುರುತಿಸುವ ಸಾಧನಕ್ಕೆ ಸಂವೇದಕ ಎನ್ನುತ್ತಾರೆ.

ಈ ಪಟ್ಟಿಯ 1 ಸೆಂ.ಮೀ. ತುಂಡನ್ನು 9 ಸೆಂ.ಮೀ.ಗಿಂತ ಉದ್ದಕ್ಕೆ ಎಳೆದಾಗಲೂ ಅದು ಕೆಲಸ ಮಾಡಿತು. ರೋಧ 10,000 ಪಟ್ಟು ಏರಿದ್ದೂ ಉಂಟು. ಉಸಿರಷ್ಟೇ ಅಲ್ಲ, ನಾಡಿಮಿಡಿತವನ್ನೂ ಅದು ಗುರುತಿಸಿತು.

ಆದರೆ ತೊಂದರೆಗಳೂ ಇವೆ. ಪದೇ ಪದೇ ಎಳೆದ ರಬ್ಬರ್ ತಕ್ಷಣ ಮೊದಲಿನಂತಾಗದು. ಮಗು ಹೊರಳಿದರೂ ಪಟ್ಟಿ ಹಿಗ್ಗುತ್ತದೆ. ಯಾವುದು ಉಸಿರು, ಯಾವುದು ಹೊರಳಾಟ ಎಂದು ಬೇರ್ಪಡಿಸಬೇಕು. ಆದ್ದರಿಂದ ಕಣ್ಣಿಟ್ಟು ಎಣಿಸುವ ಆರೋಗ್ಯ ಕಾರ್ಯಕರ್ತೆಯ ಕೆಲಸ ಇಂದಿಗೂ ಅಮೂಲ್ಯ.

ಮಾಡಿ ನೋಡಿ (ಶಿಕ್ಷಕರ ಎದುರಿನಲ್ಲಿ)

ಬೇಕಾಗುವ ವಸ್ತುಗಳು: 6ಬಿ ಗುರುತಿನ ಮೆದು ಪೆನ್ಸಿಲ್, ಬಿಳಿ ಹಾಳೆ, 9 ವೋಲ್ಟ್ ಬ್ಯಾಟರಿ, ಎರಡು ತಂತಿ, ಒಂದು ಎಲ್‌ಇಡಿ.

1. ಹಾಳೆಯ ಮೇಲೆ 5 ಸೆಂ.ಮೀ. ಉದ್ದದ, ಬೆರಳಗಲದ ಪಟ್ಟಿಯನ್ನು ಪೆನ್ಸಿಲಿನಿಂದ ದಟ್ಟವಾಗಿ ಬಳಿಯಿರಿ.
2. ಎಲ್‌ಇಡಿಯ ಗಿಡ್ಡ ಕಾಲನ್ನು ಬ್ಯಾಟರಿಯ ಋಣ ತುದಿಗೆ ತಂತಿಯಿಂದ ಜೋಡಿಸಿ.
3. ಧನ ತುದಿಯ ತಂತಿಯನ್ನು ಪೆನ್ಸಿಲ್ ಪಟ್ಟಿಯ ಮೇಲೆ ಒತ್ತಿ ಹಿಡಿಯಿರಿ. ಎಲ್‌ಇಡಿಯ ಉದ್ದ ಕಾಲನ್ನು ಅದರಿಂದ 1 ಸೆಂ.ಮೀ. ದೂರದಲ್ಲಿ ಪಟ್ಟಿಗೆ ಒತ್ತಿ. ಮಂದ ಬೆಳಕು ಕಾಣುತ್ತದೆ.
4. ಕಾಲನ್ನು ದೂರ ಸರಿಸುತ್ತಾ ಹೋಗಿ. ಬೆಳಕು ಏನಾಯಿತು?
5. ಪಟ್ಟಿಯ ನಡುವೆ ಅಡ್ಡಲಾಗಿ ಪೂರ್ತಿ ಅಳಿಸಿ ನೋಡಿ.

ಎಚ್ಚರಿಕೆ: ತಂತಿಯೂ ಎಲ್‌ಇಡಿಯ ಕಾಲೂ ನೇರವಾಗಿ ತಾಗಬಾರದು, ತಾಗಿದರೆ ಎಲ್‌ಇಡಿ ಸುಟ್ಟುಹೋಗುತ್ತದೆ. ಮನೆಯ ವಿದ್ಯುತ್ತನ್ನು ಎಂದೂ ಬಳಸಬೇಡಿ.

ಯೋಚಿಸಿ

* ಗ್ರಾಫೀನ್ ತೀರಾ ಹೆಚ್ಚಾಗಿ ಬೆರೆಸಿದರೆ ರಬ್ಬರಿನ ಹಿಗ್ಗುವ ಗುಣ ಏನಾಗಬಹುದು?
* ಈ ಪಟ್ಟಿಯನ್ನು ಮೊಣಕಾಲಿಗೆ ಕಟ್ಟಿದರೆ ಯಾವ ಮಾಹಿತಿ ಸಿಗಬಹುದು?