ನಿಲ್ಲುವುದು, ಹೊರಡುವುದು ಬಂದರೆ ರಸ್ತೆಯ ಅಂಜಿಕೆ ಹೋದಂತೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಸೈಕಲ್ ತುಳಿಯಲು ಬಾರದವರು ಕಡಿಮೆ, ಸೈಕಲ್ ಹಿಡಿದು ದೊಡ್ಡ ರಸ್ತೆಗೆ ಬರಲು ಅಂಜುವವರು ಬಹಳ. ಅಂಜಿಕೆಗೆ ಕಾರಣವಿದೆ. ಸಿಮೆಂಟ್ ಬಲ್ಕರ್, ಸುಣ್ಣದಕಲ್ಲಿನ ಟಿಪ್ಪರ್, ಫರ್ಸಿ ಹೇರಿದ ಟ್ರ್ಯಾಕ್ಟರ್, ಬಸ್ಸು, ಟಂಟಂ ಎಲ್ಲವೂ ಇಲ್ಲಿ ಒಂದೇ ರಸ್ತೆಯಲ್ಲಿ ಓಡುತ್ತವೆ.

ರಾಜ್ಯ ಸರ್ಕಾರ 2006-07ರಲ್ಲಿ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಆಗ ಸೈಕಲ್ ಪಡೆದ ಎಷ್ಟೋ ಹುಡುಗಿಯರು ಇಂದು ತಾಯಂದಿರು. ತುಳಿಯುವುದನ್ನು ತಾವೇ ಕಲಿತ ಅವರು ಈಗ ಮತ್ತೆ ಸೈಕಲ್ ಹತ್ತಬಹುದು, ಮಕ್ಕಳಿಗೂ ಕಲಿಸಬಹುದು. ಆದರೆ ಒಂದು ಮಾತು ನೆನಪಿರಲಿ: ವೇಗವಿದ್ದಾಗ ಸೈಕಲ್ ನೆಟ್ಟಗೆ ಹೋಗುತ್ತದೆ, ವಾಲುವುದು ನಿಲ್ಲುವಾಗ ಮತ್ತು ಹೊರಡುವಾಗ. ಹಾಗಾಗಿ ಈ ಎರಡನ್ನೂ ಬೇರೆಯಾಗಿಯೇ ಕಲಿಯಬೇಕು.

1. ಸೈಕಲ್ ಸರಿಮಾಡಿಕೊಳ್ಳಿ

ಸೀಟಿನ ಮೇಲೆ ಕುಳಿತಾಗ ಎರಡೂ ಪಾದದ ಮುಂಭಾಗ ನೆಲಕ್ಕೆ ತಾಗಬೇಕು. ಧೈರ್ಯ ಬಂದ ಮೇಲೆ ಸೀಟನ್ನು ಸ್ವಲ್ಪ ಏರಿಸಬಹುದು. ಎರಡೂ ಬ್ರೇಕ್ ಹಿಡಿದು ಸೈಕಲ್ ತಳ್ಳಿ ನೋಡಿ, ಚಕ್ರ ತಿರುಗಬಾರದು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಚಕ್ರದ ಬ್ರೇಕ್. ನಿಮ್ಮ ಸೈಕಲ್ಲಿನಲ್ಲಿ ಯಾವುದು ಯಾವುದಕ್ಕೆ ಎಂದು ಹಿಡಿದೇ ತಿಳಿದುಕೊಳ್ಳಿ. ಸೀರೆಯ ಸೆರಗು, ದುಪಟ್ಟಾ, ಪ್ಯಾಂಟಿನ ಅಂಚು ಚೈನಿಗೆ ಸಿಗದಂತೆ ಕಟ್ಟಿಕೊಳ್ಳಿ.

2. ಹೊರಡುವುದು

ಓಡಿಸಿಕೊಂಡು ಹೋಗಿ ಕಾಲೆತ್ತಿ ಹತ್ತುವುದು ನಮ್ಮ ಹಳೆಯ ರೂಢಿ. ಅದು ಊರ ಹೊರಗೆ ನಡೆದೀತು. ವಾಹನಗಳ ನಡುವೆ, ಕ್ಯಾರಿಯರ್ ಮೇಲೆ ಚೀಲ ಇರುವಾಗ, ಅಪಾಯ. ಅದರ ಬದಲು ಶಾಲೆಯ ಮೈದಾನದಲ್ಲಿ ಹೀಗೆ ಮಾಡಿ:

• ಸೈಕಲ್ಲಿನ ಎರಡೂ ಬದಿಗೆ ಕಾಲಿಟ್ಟು, ಸೀಟಿನ ಮುಂದೆ ನಿಲ್ಲಿ. ಬ್ರೇಕ್ ಹಿಡಿದಿರಲಿ.
• ಎಡಗಾಲು ನೆಲದ ಮೇಲಿರಲಿ. ಬಲಪಾದದ ತುದಿಯಿಂದ ಬಲಪೆಡಲನ್ನು ಹಿಂದಕ್ಕೆ ತಿರುಗಿಸಿ, ಮುಂದೆ ಮೇಲಕ್ಕೆ ತನ್ನಿ.
• ಬ್ರೇಕ್ ಬಿಟ್ಟು ಬಲಪೆಡಲನ್ನು ಒಂದೇ ಸಲ ಪೂರ್ತಿ ಒತ್ತಿ, ಸೈಕಲ್ ಸಾಗಿದಂತೆ ಸೀಟಿಗೆ ಕುಳಿತುಕೊಳ್ಳಿ. ಸಮತೋಲಕ್ಕೆ ಬೇಕಾದ ವೇಗವನ್ನು ಆ ಒಂದು ಒತ್ತೇ ಕೊಡುತ್ತದೆ.
• ಕಣ್ಣು ದೂರದಲ್ಲಿರಲಿ. ಚಕ್ರ ನೋಡಿದರೆ ಹ್ಯಾಂಡಲ್ ಅಲ್ಲಾಡುತ್ತದೆ.

3. ನಿಲ್ಲುವುದು

ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆಯಿರಿ. ಗೆರೆ ಹತ್ತಿರ ಬಂದಾಗ ತುಳಿಯುವುದು ನಿಲ್ಲಿಸಿ, ಬಲಪೆಡಲು ಕೆಳಗಿರಲಿ. ಎರಡೂ ಬ್ರೇಕ್ ಮೆಲ್ಲಗೆ ಒಟ್ಟಿಗೆ ಹಿಡಿಯಿರಿ. ಭಾರ ಬಲಗಾಲಿಗೆ ಕೊಟ್ಟು ಸೀಟಿನಿಂದ ಮುಂದಕ್ಕೆ ಇಳಿಯಿರಿ. ಸೈಕಲ್ ನಿಲ್ಲುವ ಹೊತ್ತಿಗೆ ಎಡಗಾಲು ನೆಲಕ್ಕಿರಲಿ. ನಿಂತ ಕೂಡಲೇ ಬಲಪೆಡಲನ್ನು ಮತ್ತೆ ಮೇಲಕ್ಕೆ ತನ್ನಿ. ಹೊರಡುವ ತಯಾರಿ ನಿಂತಾಗಲೇ ಮುಗಿದಿದ್ದರೆ ಹಿಂದಿನವರ ಹಾರ್ನ್ ನಿಮ್ಮನ್ನು ಗಲಿಬಿಲಿಗೊಳಿಸುವುದಿಲ್ಲ.

ಗೆರೆಯ ಮೇಲೆಯೇ ನಿಲ್ಲುವುದು ರೂಢಿಯಾಗುವವರೆಗೂ ಮೈದಾನ ಬಿಡಬೇಡಿ.

4. ಹಿಂದೆ ನೋಡಿ, ಕೈ ತೋರಿಸಿ

ನೇರ ಸಾಗುತ್ತ ಬಲಭುಜದ ಮೇಲಿಂದ ಹಿಂದೆ ನೋಡುವ ಅಭ್ಯಾಸ ಮಾಡಿ. ನಿಧಾನಿಸುವ ಮೊದಲು ಬಲಗೈ ಚಾಚಿ, ಅಂಗೈ ಕೆಳಮುಖ ಮಾಡಿ ಮೇಲೆ ಕೆಳಗೆ ಆಡಿಸಿ. ಆಮೇಲೆ ಕೈಯನ್ನು ಹ್ಯಾಂಡಲ್‌ಗೆ ತಂದು ಬ್ರೇಕ್ ಹಿಡಿಯಿರಿ.

5. ಲಾರಿಯ ಹತ್ತಿರ ಎಲ್ಲಿ ನಿಲ್ಲಬೇಕು?

ಇಲ್ಲಿನ ರಸ್ತೆಗೆ ಮುಖ್ಯವಾದ ಪಾಠ ಇದು. ಲಾರಿ ಚಾಲಕ ಬಲಬದಿಗೆ ಕೂರುತ್ತಾನೆ. ಕ್ಯಾಬಿನ್ನಿನ ಎಡಕ್ಕೆ, ಬಂಪರಿನ ಮುಂದೆ ತೀರ ಹತ್ತಿರ ನಿಂತವರು ಅವನಿಗೆ ಕಾಣುವುದಿಲ್ಲ. ಲಾರಿ ಎಡಕ್ಕೆ ತಿರುಗಿದರೆ ಹಿಂದಿನ ಚಕ್ರ ಮುಂದಿನ ಚಕ್ರಕ್ಕಿಂತ ಒಳಗೆ ಬರುತ್ತದೆ. ಆದ್ದರಿಂದ ಲಾರಿ ಮತ್ತು ರಸ್ತೆಯ ಅಂಚಿನ ಸಂದಿಯಲ್ಲಿ ಎಂದೂ ನುಗ್ಗಬೇಡಿ. ಹಿಂದೆಯೇ, ಅಂತರ ಬಿಟ್ಟು ನಿಲ್ಲಿ. ಅದರ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ. ಸ್ಟಾಪಿಗೆ ಬರುತ್ತಿರುವ ಬಸ್ಸಿನ ಎಡಕ್ಕೂ ಹೋಗಬೇಡಿ.

6. ಗೇಟು, ಏರು, ಧೂಳು

ವಾಡಿ ದೊಡ್ಡ ಜಂಕ್ಷನ್. ಸೇಡಂ, ಚಿತ್ತಾಪುರ, ಶಹಾಬಾದ್ ಕೂಡ ರೈಲು ಮಾರ್ಗದ ಊರುಗಳೇ. ರೈಲ್ವೆ ಗೇಟು ತೆರೆದ ಕೂಡಲೇ ಎರಡೂ ಕಡೆಯವರು ಒಮ್ಮೆಲೇ ನುಗ್ಗುತ್ತಾರೆ. ಮೊದಲ ಗುಂಪು ದಾಟಲಿ, ಆಮೇಲೆ ಹೊರಡಿ. ಹಳಿಯನ್ನು ಅಡ್ಡಲಾಗಿ, ನೇರವಾಗಿ ದಾಟಬೇಕು. ಓರೆಯಾಗಿ ಹೋದರೆ ಚಕ್ರ ಸಂದಿಗೆ ಸಿಕ್ಕುತ್ತದೆ. ಅನುಮಾನವಿದ್ದರೆ ಇಳಿದು ತಳ್ಳಿ.

ಚಿಂಚೋಳಿ ಗುಡ್ಡದ ಕಡೆಯ ಏರಿನಲ್ಲಿ ಹೊರಡುವಾಗ ಬ್ರೇಕ್ ಹಿಡಿದೇ ಪೆಡಲಿಗೆ ಭಾರ ಹಾಕಿ, ಆಮೇಲೆ ಬ್ರೇಕ್ ಬಿಡಿ. ಇಲ್ಲವಾದರೆ ಸೈಕಲ್ ಹಿಂದಕ್ಕೆ ಜಾರುತ್ತದೆ.

ಸಿಮೆಂಟ್ ಧೂಳು, ಟ್ರ್ಯಾಕ್ಟರ್ ಟೈರಿಂದ ಬಿದ್ದ ಎರೆಮಣ್ಣು ಇರುವಲ್ಲಿ ಹ್ಯಾಂಡಲ್ ತಿರುಗಿಸಿ ಬ್ರೇಕ್ ಹಿಡಿದರೆ ಜಾರುವುದು ಖಂಡಿತ. ಹ್ಯಾಂಡಲ್ ನೇರವಿರಲಿ, ಮುಂದಿನ ಬ್ರೇಕ್ ಹಗುರವಾಗಿರಲಿ. ಮಳೆಯಲ್ಲಿ ರಿಮ್ ನೆನೆದಾಗ ಬ್ರೇಕ್ ತಡವಾಗಿ ಹಿಡಿಯುತ್ತದೆ, ಮುಂಚೆಯೇ ನಿಧಾನಿಸಿ.

7. ರಸ್ತೆಗೆ ಇಳಿಯುವ ಕ್ರಮ

ಮೊದಲು ಓಣಿ, ಆಮೇಲೆ ಭಾನುವಾರ ಬೆಳಗಿನ ಪೇಟೆ, ಕೊನೆಗೆ ಲಾರಿ ಓಡಾಡುವ ರಸ್ತೆ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಅಭ್ಯಾಸ ಮುಗಿಸಿ. ಕಾರ್ಖಾನೆಯ ಪಾಳಿ ಬದಲಾಗುವ, ಶಾಲೆ ಬಿಡುವ ಹೊತ್ತು ಆರಂಭದಲ್ಲಿ ಬೇಡ.

ಮನೆಯಲ್ಲಿ ಮಗಳೋ ಸೊಸೆಯೋ ತಂಗಿಯೋ ಕಲಿಯುತ್ತಿದ್ದರೆ "ಹುಷಾರು" ಎಂದು ಹೇಳಿ ಕಳಿಸಿದರೆ ಸಾಲದು. ಇನ್ನೊಂದು ಸೈಕಲ್ ತೆಗೆದುಕೊಂಡು ಜೊತೆಗೆ ಹೋಗಿ. ಅವರ ಹಿಂದೆ, ತುಸು ಬಲಕ್ಕೆ ಇರಿ. ಆಗ ಹಿಂದಿನ ವಾಹನಗಳಿಗೆ ಮೊದಲು ಕಾಣುವವರು ನೀವು. ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬ ತೀರ್ಮಾನವನ್ನು ಅವರಿಗೇ ಬಿಡಿ. ಆ ತೀರ್ಮಾನ ಅವರದಾದಾಗಲೇ ಧೈರ್ಯವೂ ಅವರದಾಗುತ್ತದೆ.