ಹಡಗಿಗೆ ಬೆಂಕಿ ಬಿದ್ದಾಗ

ಮಕ್ಕಳೇ, ಭತ್ತದ ಸುಗ್ಗಿ ಮುಗಿದ ಮೇಲೆ ಮುಗದ ಗ್ರಾಮದ ಕಣಗಳಲ್ಲಿ ಹುಲ್ಲಿನ ಬಣವೆಗಳು ಏಳುತ್ತವೆ. ಬಣವೆಗೆ ಬೆಂಕಿ ತಗುಲಿದರೆ ಊರವರು ಕೊಡ ಹಿಡಿದು ಓಡಿ ಬರುತ್ತಾರೆ. ಧಾರವಾಡದಿಂದ ಅಗ್ನಿಶಾಮಕ ವಾಹನವನ್ನು ಕರೆಸಬಹುದು. ಬೆಂಕಿ ಜೋರಾದರೆ ದೂರ ಸರಿಯಬಹುದು. ಆದರೆ ನಡುಸಮುದ್ರದಲ್ಲಿ ಹಡಗಿಗೆ ಬೆಂಕಿ ಬಿದ್ದರೆ? ಸರಿದು ನಿಲ್ಲಲು ಅಲ್ಲಿ ನೆಲವಿಲ್ಲ. ಹಡಗಿನ ಸಿಬ್ಬಂದಿಯೇ ಬೆಂಕಿ ಆರಿಸಬೇಕು. ಆದ್ದರಿಂದ ಅಡುಗೆಯವರಿಂದ ಅಧಿಕಾರಿಯವರೆಗೆ ಎಲ್ಲರಿಗೂ ಇದರ ತರಬೇತಿ ಇರುತ್ತದೆ.

ಇಂಥ ಘಟನೆ ನಮ್ಮ ಕಾರವಾರದಲ್ಲಿಯೂ ನಡೆದಿದೆ. 2019ರ ಏಪ್ರಿಲ್ 26ರಂದು ವಿಮಾನವಾಹಕ ನೌಕೆ 'ವಿಕ್ರಮಾದಿತ್ಯ' ಕಾರವಾರ ಬಂದರಿಗೆ ಬರುತ್ತಿತ್ತು. ಸುಮಾರು 284 ಮೀಟರ್ ಉದ್ದದ ಈ ಹಡಗಿನ ಒಳಗಿನ ಒಂದು ವಿಭಾಗದಲ್ಲಿ ಬೆಂಕಿ ಹೊತ್ತಿಕೊಂಡಿತು. ಲೆಫ್ಟಿನೆಂಟ್ ಕಮಾಂಡರ್ ಡಿ.ಎಸ್. ಚೌಹಾಣ್ ಅವರು ಬೆಂಕಿ ಆರಿಸುವ ತಂಡದ ಮುಂದಾಳಾಗಿ ನಿಂತರು. ಬೆಂಕಿ ಹತೋಟಿಗೆ ಬಂತು, ಹಡಗು ಉಳಿಯಿತು. ಆದರೆ ಸುಟ್ಟ ಗಾಯ ಮತ್ತು ಹೊಗೆಯಿಂದ ಅವರು ಪ್ರಜ್ಞೆ ತಪ್ಪಿದರು. ಕಾರವಾರದ ನೌಕಾ ಆಸ್ಪತ್ರೆಗೆ ಸಾಗಿಸಿದರೂ ಅವರ ಜೀವ ಉಳಿಯಲಿಲ್ಲ.

ಬೆಂಕಿ ಹೇಗೆ ಆರುತ್ತದೆ?

ಬೆಂಕಿ ಉರಿಯಲು ಮೂರು ಅಂಶಗಳು ಬೇಕು: ಇಂಧನ, ಆಮ್ಲಜನಕ ಮತ್ತು ಸಾಕಷ್ಟು ಶಾಖ. ಒಂದನ್ನು ತೆಗೆದರೂ ಬೆಂಕಿ ಆರುತ್ತದೆ. ಸಿಬ್ಬಂದಿ ಎಣ್ಣೆಯ ಕೊಳವೆಯನ್ನು ಮುಚ್ಚಿ ಇಂಧನವನ್ನು ತಡೆಯುತ್ತಾರೆ. ಬಾಗಿಲು, ಗಾಳಿಕಿಂಡಿಗಳನ್ನು ಮುಚ್ಚಿ ಆಮ್ಲಜನಕವನ್ನು ತಡೆಯುತ್ತಾರೆ. ಪಕ್ಕದ ಗೋಡೆಗಳಿಗೆ ನೀರು ಹಾಯಿಸಿ ಶಾಖವನ್ನು ಇಳಿಸುತ್ತಾರೆ.

ಸುತ್ತಲೂ ಸಮುದ್ರವೇ ಇರುವಾಗ ಬೇಕಾದಷ್ಟು ನೀರು ಸುರಿಯಬಾರದೇ? ಸುರಿಯಬಾರದು. 1942ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ 'ನಾರ್ಮಂಡಿ' ಎಂಬ ದೊಡ್ಡ ಹಡಗಿಗೆ ಬೆಂಕಿ ಬಿತ್ತು. ಆರಿಸಲು ಸುರಿದ ನೀರು ಒಳಗೆ ತುಂಬಿ ಹಡಗು ಒಂದು ಬದಿಗೆ ಮಗುಚಿಕೊಂಡಿತು!

ಹೊಗೆಯೂ ವೈರಿಯೇ

ಹೊಗೆಯಲ್ಲಿ ಕಾರ್ಬನ್ ಮೋನಾಕ್ಸೈಡ್ ಎಂಬ ಅನಿಲವಿರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದು ರಕ್ತದ ಹಿಮೋಗ್ಲೋಬಿನ್ ಜೊತೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಆಗ ದೇಹಕ್ಕೆ ಆಮ್ಲಜನಕ ಸಾಲದೆ ಪ್ರಜ್ಞೆ ತಪ್ಪುತ್ತದೆ. ಅದಕ್ಕಾಗಿಯೇ ಬೆಂಕಿ ಆರಿಸುವವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಮುಖವಾಡ ತೊಡುತ್ತಾರೆ. ಬಿಸಿ ಹೊಗೆ ಮೇಲೇರುವುದರಿಂದ, ಹೊಗೆ ತುಂಬಿದ ಕೋಣೆಯಿಂದ ನೀವು ಬಗ್ಗಿ, ತೆವಳಿ ಹೊರಬರಬೇಕು.

ಮಾಡಿ ನೋಡಿ

ಶಿಕ್ಷಕರ ಎದುರಿನಲ್ಲಿಯೇ ಮಾಡಿ. ತಟ್ಟೆಯಲ್ಲಿ ಮೇಣದಬತ್ತಿ ಹಚ್ಚಿ, ಗಾಜಿನ ಲೋಟ ಬೋರಲು ಹಾಕಿ. ಎಷ್ಟು ಸೆಕೆಂಡಿಗೆ ಆರಿತು? ದೊಡ್ಡ ಗಾಜಿನ ಜಾಡಿಯಿಂದ ಮುಚ್ಚಿದರೆ? ಎರಡನ್ನೂ ಬರೆದಿಡಿ.

ಯೋಚಿಸಿ, ಉತ್ತರಿಸಿ

1. ಲೋಟ ಮುಚ್ಚಿದಾಗ ಮೂರರಲ್ಲಿ ಯಾವ ಅಂಶ ಕಡಿಮೆಯಾಯಿತು?
2. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ದೊಡ್ಡವರು ಒಲೆ ಆರಿಸಿ, ತಟ್ಟೆ ಮುಚ್ಚಬೇಕು. ಏಕೆ?
3. ನಿಮ್ಮ ತರಗತಿಯಲ್ಲಿ ಹೊಗೆ ತುಂಬಿದರೆ ಯಾವ ದಾರಿಯಲ್ಲಿ ಹೊರಬರುವಿರಿ? ಇಂದೇ ಗೆಳೆಯರೊಂದಿಗೆ ನಡೆದು ನೋಡಿ.