ಎಂಬಿಎ ಬೇಕೋ, ಕೆಲಸ ಬದಲಾಗಬೇಕೋ?

ಚಿ. ಸೌ. ಪುಟ್ಟಿಗೆ, ಹಾಸನದಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದ ಮೇಲೆ ನಿನ್ನ ಅತ್ತೆಯ ಮಂಡಿನೋವು ಸ್ವಲ್ಪ ಜಾಸ್ತಿಯಾಗಿದೆ, ಅಷ್ಟೆ.

"ಮಾವ, 35ರಲ್ಲಿ ಎಂಬಿಎ ಮಾಡೋದು ವರ್ಕ್‌ಔಟ್ ಆಗುತ್ತಾ?" ಎಂದು ವಾಟ್ಸಾಪಿನಲ್ಲಿ ಒಂದೇ ಸಾಲು ಹಾಕಿ ಸುಮ್ಮನಾಗಿಬಿಟ್ಟೆ. ಅಲ್ಲೇ ಉತ್ತರ ಕೊಡಲು ಕೂತರೆ ನನ್ನ ಹೆಬ್ಬೆರಳು ಸೋತಿತು. ಅದಕ್ಕೇ ಕಾಗದ. ಕೇಳಿದ್ದು ಬ್ಯಾಂಕಿನ ಸಾಲದ ಮೇಜಿನಲ್ಲಿ ಸರ್ವೀಸು ಸವೆಸಿದವನನ್ನು. ಹಾಗಾಗಿ ಮೊದಲು ಲೆಕ್ಕ, ಮಿಕ್ಕ ಮಾತು ಆಮೇಲೆ.

ನಿನಗೆ ಕೈಗೆ ಬರುವ ಸಂಬಳ ತಿಂಗಳಿಗೆ 2 ಲಕ್ಷ ಅಂದಿದ್ದೆ. ಕೆಲಸ ಬಿಟ್ಟು ಒಂದು ವರ್ಷ ಓದಿದರೆ 24 ಲಕ್ಷ ಹೋಯಿತು. ಇದನ್ನು ಯಾರೂ ಖರ್ಚೆಂದು ಬರೆದುಕೊಳ್ಳುವುದಿಲ್ಲ. ಸಾಲದ ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಕೂಡ ಇಲ್ಲ. ಫೀಸು, ವಸತಿ ಎಲ್ಲ ಸೇರಿ 35 ಲಕ್ಷ ಅಂದುಕೋ. ಅಷ್ಟನ್ನೂ ಶೇ. 9.5ರ ಬಡ್ಡಿಗೆ ಸಾಲ ತೆಗೆದರೆ, ಓದುವ ವರ್ಷದ ಬಡ್ಡಿಯೇ 3 ಲಕ್ಷ 30 ಸಾವಿರದ ಹತ್ತಿರ. ಆ ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟಿಬಿಟ್ಟೆ ಎಂದಿಟ್ಟುಕೊಂಡರೂ, ಆಮೇಲೆ ಹತ್ತು ವರ್ಷ ತಿಂಗಳಿಗೆ 45 ಸಾವಿರ ಇಎಂಐ. ತೆಗೆದದ್ದು 35 ಲಕ್ಷ, ಕಟ್ಟುವುದು 54 ಲಕ್ಷ. ವೈಟ್‌ಫೀಲ್ಡ್ ಫ್ಲ್ಯಾಟಿನ ಇಎಂಐ ಬೇರೆ ಇದ್ದೇ ಇದೆ. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎಂದು ಬ್ಯಾಂಕಿನವರು ಹೇಳುವುದು ನಿಜ. ಆದರೆ ಕಂತಿಗೆ ರಜೆಯೇ ಹೊರತು ಬಡ್ಡಿಗಲ್ಲ. ಆದಾಯ ತೆರಿಗೆಯಲ್ಲಿ 80ಇ ಎಂದು ನಮಗೆಲ್ಲ ಪರಿಚಿತವಾದ ರಿಯಾಯಿತಿಯೂ ಬಡ್ಡಿಗೆ ಮಾತ್ರ, ಎಂಟು ವರ್ಷಕ್ಕೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ.

ಈಗ ಬರುವ ಕಡೆ ನೋಡು. ಓದಿದ ಮೇಲೆ ಸಂಬಳ ಎಷ್ಟಾಗುತ್ತದೆ ಅನ್ನುವುದು ಮುಖ್ಯವಲ್ಲ. ಓದದೆ ಇದ್ದಲ್ಲೇ ಇದ್ದಿದ್ದರೆ ಎಷ್ಟಾಗಿರುತ್ತಿತ್ತೋ ಅದಕ್ಕಿಂತ ಎಷ್ಟು ಹೆಚ್ಚು ಬಂತು ಎಂಬುದಷ್ಟೇ ಓದಿನ ಗಳಿಕೆ. ಆ ಹೆಚ್ಚಳ ತಿಂಗಳಿಗೆ 50 ಸಾವಿರವಾದರೆ ಅದರಲ್ಲಿ 45 ಸಾವಿರ ಇಎಂಐಗೇ ಸರಿಹೋಯಿತು. ಕಳೆದುಕೊಂಡ ಸಂಬಳ ತಿಂಗಳಿಗೆ ಐದೈದು ಸಾವಿರದಂತೆ ವಾಪಸು ಬರುತ್ತಾ, ಸಾಲ ತೀರಿದ ಮೇಲೂ ಬಾಕಿ ಉಳಿದು, ಲೆಕ್ಕ ಸರಿದೂಗುವ ಹೊತ್ತಿಗೆ ನಿನಗೆ ಐವತ್ತು. ಹೆಚ್ಚಳ 1 ಲಕ್ಷವಾದರೆ ಕತೆಯೇ ಬೇರೆ, ನಾಲ್ಕು ವರ್ಷ ಚಿಲ್ಲರೆಯಲ್ಲಿ ನೀನು ದಡ ಸೇರುತ್ತೀ. ಇಷ್ಟೇ ಅಂತರ. 50 ಸಾವಿರವೋ ಒಂದು ಲಕ್ಷವೋ ಎಂಬುದನ್ನು ಈಗಲೇ ಎಷ್ಟು ಖಚಿತವಾಗಿ ತಿಳಿಯಬಹುದೋ ಅಷ್ಟು ತಿಳಿದುಕೊಳ್ಳುವುದೇ ನಿನ್ನ ಮೊದಲ ಹೋಂವರ್ಕು.

ಬ್ಯಾಂಕು ಸಾಲ ಮಂಜೂರು ಮಾಡಿತು, ಅಂದರೆ ಓದು ಲಾಭದ್ದೇ ಇರಬೇಕು ಎಂದು ನಂಬಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬ್ಯಾಂಕು ನೋಡುವುದು ಕಂತು ವಾಪಸು ಬರುತ್ತದೆಯೋ ಇಲ್ಲವೋ ಎಂದು. ಹೆಸರಾಂತ ಸಂಸ್ಥೆಯ ಸೀಟು ಸಿಕ್ಕಿದ್ದರೆ ಅಡಮಾನವನ್ನೂ ಕೇಳದೆ ಕೊಡುತ್ತಾರೆ. ನೀನು ಆ ಕಂತನ್ನು ಖುಷಿಯಿಂದ ಕಟ್ಟುತ್ತೀಯೋ ಹಲ್ಲು ಕಚ್ಚಿ ಕಟ್ಟುತ್ತೀಯೋ, ಅದು ಮ್ಯಾನೇಜರಿಗೆ ಬೇಕಿಲ್ಲದ ವಿಷಯ.

ನಮ್ಮ ಕಾಲದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಓದುವುದೆಂದರೆ ಬ್ಯಾಂಕಿನವರ ಪರೀಕ್ಷೆ ಸಿಎಐಐಬಿ. ಹಗಲು ಕೌಂಟರು, ರಾತ್ರಿ ಪುಸ್ತಕ. ಪಾಸಾದರೆ ಇಂಕ್ರಿಮೆಂಟು. ಎಷ್ಟು ಸಿಗುತ್ತದೆಂದು ಯೂನಿಯನ್ ಒಪ್ಪಂದದಲ್ಲೇ ಬರೆದಿರುತ್ತಿತ್ತು, ಬ್ರಾಂಚಿನ ಅಟೆಂಡರಿಗೂ ಗೊತ್ತಿರುತ್ತಿತ್ತು. ಎಂಬಿಎಗೆ ಅಂಥ ದರಪಟ್ಟಿ ಇಲ್ಲ. ಒಂದೇ ಬೆಂಚಿನಲ್ಲಿ ಕೂತು ಓದಿದ ಇಬ್ಬರಲ್ಲಿ ಒಬ್ಬರಿಗೆ ಅದು ಹೊಸ ಬಾಳು, ಇನ್ನೊಬ್ಬರಿಗೆ ರೆಸ್ಯೂಮೆಯಲ್ಲಿ ಒಂದು ಸಾಲು. ಪ್ಲೇಸ್‌ಮೆಂಟ್ ವರದಿಯಲ್ಲಿ ಕಾಣುವ ಸರಾಸರಿ ಸಂಬಳ ಅದಕ್ಕೇ ಮೋಸ. ಹತ್ತು ಜನರಲ್ಲಿ ಒಬ್ಬನಿಗೆ ಕೋಟಿ ಸಿಕ್ಕಿದರೆ ಹತ್ತೂ ಜನರ ಸರಾಸರಿ ಕಾಗದದ ಮೇಲೆ ಏರಿಬಿಡುತ್ತದೆ. ನಟ್ಟನಡುವೆ ನಿಂತವನಿಗೆ ಸಿಕ್ಕಿದ್ದೆಷ್ಟು, ಅಂದರೆ ಮೀಡಿಯನ್ ಎಷ್ಟು, ಅದನ್ನು ಹುಡುಕು. ಆಮೇಲೆ ನಿನ್ನ ಹಾಗೆ ಹನ್ನೆರಡು ವರ್ಷ ದುಡಿದು ಹೋದವರು ಎಲ್ಲಿ ಸೇರಿದರೆಂದು ಕೇಳು. ಸಂಸ್ಥೆಯವರು ಮುಂದೆ ನಿಲ್ಲಿಸುವ ಹಳೆ ವಿದ್ಯಾರ್ಥಿಗಳನ್ನಲ್ಲ. ಲಿಂಕ್ಡ್‌ಇನ್‌ನಲ್ಲಿ ನೀನೇ ಹುಡುಕಿದ, ಓದಿ ಮೂರ್ನಾಲ್ಕು ವರ್ಷ ಆದವರನ್ನು. ಬೆಂಗಳೂರಿನಲ್ಲೇ ಬೇಕಾದಷ್ಟು ಜನ ಸಿಗುತ್ತಾರೆ. ಕಾಫಿ ಕುಡಿಸಿದರೆ ಅರ್ಧ ಗಂಟೆ ಮಾತಾಡದವರು ಯಾರಿದ್ದಾರೆ?

ಎರಡು ವರ್ಷದ ಪೂರ್ಣಾವಧಿ ಕೋರ್ಸಿನ ಆಸೆ ಬಿಡು, ಅದು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರ ಜಾತ್ರೆ. ನಿನ್ನಂಥವರಿಗೆಂದೇ ಒಂದು ವರ್ಷದ ಕೋರ್ಸುಗಳಿವೆ. ಅಹಮದಾಬಾದಿನ ಐಐಎಂ 2006ರಲ್ಲಿ ಪಿಜಿಪಿಎಕ್ಸ್ ಶುರುಮಾಡಿತು, ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂ 2009ರಲ್ಲಿ ಇಪಿಜಿಪಿ. ಹೈದರಾಬಾದಿನ ಐಎಸ್‌ಬಿ 2001ರಿಂದಲೇ ಒಂದು ವರ್ಷದ್ದನ್ನು ನಡೆಸುತ್ತಿದೆ, ಆದರೆ ಅಲ್ಲಿಗೆ ಎರಡು ವರ್ಷದ ಅನುಭವ ಇದ್ದವರೂ ಬರುತ್ತಾರೆ. ಅವರ ನಡುವೆ ನೀನು ಅಕ್ಕನಾಗುತ್ತೀಯ, ಕಂಪನಿಯವರು ಬಂದಾಗಲೂ ಹಾಗೇ ನೋಡುತ್ತಾರೆ. ಕೆಲಸ ಬಿಡದೆ ಎರಡು ವರ್ಷ ಓದುವ ಪಿಜಿಪಿಇಎಂ ಕೂಡ ಬೆಂಗಳೂರಿನ ಐಐಎಂನಲ್ಲಿದೆ. ಸಂಬಳದ 24 ಲಕ್ಷ ಉಳಿಯಿತು. ಆದರೆ ಕೆಲಸ ಬಿಡದೆ ಓದುವ ಕೋರ್ಸುಗಳಲ್ಲಿ ಕ್ಯಾಂಪಸ್ಸಿಗೆ ಬಂದು ಕೆಲಸ ಕೊಡುವವರ ನಂಬಿಕೆ ಇಟ್ಟುಕೊಳ್ಳಬೇಡ, ದಾರಿ ನೀನೇ ಮಾಡಿಕೊಳ್ಳಬೇಕು. ದೊಡ್ಡ ಸಂಸ್ಥೆಯ ಹೆಸರು ಹೊತ್ತ ಆರು ತಿಂಗಳ ಆನ್‌ಲೈನ್ ಸರ್ಟಿಫಿಕೇಟುಗಳ ಬಗ್ಗೆ ನಾನು ಹೇಳುವುದಿಷ್ಟೆ: ಎರಡೇ ಸೀಟು ಉಳಿದಿದೆ ಮೇಡಂ ಎಂದು ಫೋನು ಬಂದರೆ ಇಟ್ಟುಬಿಡು.

ಇನ್ನು ನೀನು ಕಳಿಸಿದ, ಪ್ರವೇಶದ ಅರ್ಜಿಯ ಪ್ರಬಂಧದ ಕರಡು. ಯಾಕೆ ಎಂಬಿಎ, ಯಾಕೆ ಈಗ ಎಂದು ಸಂಸ್ಥೆಯವರು ಕೇಳಿದ್ದಾರೆ. ನೀನು ಲೀಡರ್‌ಶಿಪ್ಪು, ಸ್ಟ್ರಾಟೆಜಿ, ಗ್ಲೋಬಲ್ ಎಂದು ಪುಟ ತುಂಬಿಸಿದ್ದೀಯ. ಅದರಲ್ಲಿ ನೀನೇ ಇಲ್ಲ. ಗೌರಿಹಬ್ಬಕ್ಕೆ ಬಂದಾಗ ಚಿಕ್ಕಪೇಟೆಯ ಸೀರೆ ಅಂಗಡಿಯ ಸಂಗತಿ ಹೇಳಿದೆಯಲ್ಲ, ಅದು ಎಲ್ಲಿ ಹೋಯಿತು? ನಿಮ್ಮ ಕಂಪನಿಯ ಪೇಮೆಂಟ್ ಆ್ಯಪ್‌ನಲ್ಲಿ ಹಿಂದಿನ ದಿನದ ಜಮೆ ಆಗ ಕಾಣುತ್ತಿದ್ದದ್ದು ಮಧ್ಯಾಹ್ನಕ್ಕೆ. ಅಂಗಡಿಯ ಗುಮಾಸ್ತರಿಗೆ ಅದು ಬೇಕಾದದ್ದು ಷಟರ್ ಎತ್ತುವ ಹೊತ್ತಿಗೆ. ಅವರು ಕೆಂಪು ಬಟ್ಟೆ ಹೊದಿಸಿದ ಉದ್ದ ಲೆಡ್ಜರಿನಲ್ಲಿ ಪೆನ್ಸಿಲಿನಿಂದ ಅಂದಾಜು ಬರೆದು, ಮಧ್ಯಾಹ್ನ ಅಳಿಸಿ ತಿದ್ದುತ್ತಿದ್ದರು. ಟೆಸ್ಟಿಂಗ್ ನೋಡಿಕೊಳ್ಳುವ ನಿನಗೆ ಅಲ್ಲಿಗೆ ಹೋಗೆಂದು ಯಾರೂ ಹೇಳಿರಲಿಲ್ಲ. ಹೋಗಿ ಕೂತೆ, ನೋಡಿದೆ, ಆಫೀಸಿಗೆ ಬಂದು ಜಗಳ ಆಡಿ ಜಮೆಯ ವಿವರ ಬೆಳಿಗ್ಗೆಯೇ ಬರುವ ಹಾಗೆ ಮಾಡಿಸಿದೆ.

ನೀನು ಎಂಬಿಎ ಮಾಡಿ ಸೇರಬೇಕೆನ್ನುವ ಪ್ರಾಡಕ್ಟ್ ಮ್ಯಾನೇಜರ್ ಕೆಲಸ ಅಂದರೆ ಇದೇ ತಾನೆ? ಅದನ್ನು ಆಗಲೇ ಮಾಡಿದ್ದೀಯ, ಹೆಸರು ಮಾತ್ರ ಬೇರೆಯವರದ್ದು. ಹಾಗಾಗಿ ನಿನಗೆ ಬೇಕಿರುವುದು ಎಂಬಿಎಯೋ, ಆ ಕುರ್ಚಿಯೋ ಎಂಬುದು ನನ್ನ ಅನುಮಾನ. ಆ ತಂಡಕ್ಕೆ ವರ್ಗ ಕೊಡಿ ಎಂದು ಆಫೀಸಿನಲ್ಲಿ ಬಾಯಿಬಿಟ್ಟು ಕೇಳಿದ್ದೀಯಾ? ಕೇಳಿಲ್ಲ ಎಂದು ನಿನ್ನಮ್ಮ ಹೇಳಿದಳು. ಈಗಿನ ಬಾಸಿನ ಮುಖ ನೋಡಲಾಗದೆ ಓದಲು ಹೋಗುವುದಾದರೆ, 60 ಲಕ್ಷದ ದಾರಿ ಬೇಡ, ರಾಜೀನಾಮೆ ಬಿಟ್ಟಿ. ಕೇಳಿ ನೋಡಿ, ಎಂಬಿಎ ಇಲ್ಲದವರನ್ನು ಆ ಕೆಲಸಕ್ಕೆ ತೆಗೆದುಕೊಳ್ಳುವುದೇ ಇಲ್ಲ ಎಂದು ಒಳಗೂ ಹೊರಗೂ ಹೇಳಿದರೆ, ಆಗ ಬಾಗಿಲಿಗೆ ನಿಜವಾಗಿ ಬೀಗ ಇದೆ ಎಂದಾಯಿತು. ಆಗ ಹೋಗು, ಪೂರ್ಣಾವಧಿಗೇ ಹೋಗು. ನಾನು ಎದುರಾಡುವುದಿಲ್ಲ.

ಪ್ರವೇಶ ಪರೀಕ್ಷೆ ಜಿಮ್ಯಾಟ್ ಮಾತ್ರ ಈಗಲೇ ಬರೆದುಬಿಡು. 205ರಿಂದ 805ರವರೆಗಿನ ಅಂಕ, 45 ನಿಮಿಷದ ಮೂರು ಭಾಗ, ಮೊದಲಿದ್ದ ಪ್ರಬಂಧ ಬರೆಯುವ ಭಾಗವೂ ಈಗ ಇಲ್ಲ. ಅಂಕ ಐದು ವರ್ಷ ಬಾಳುತ್ತದೆ. ಬರೆದ ಮಾತ್ರಕ್ಕೆ ಹೋಗಲೇಬೇಕೆಂದಿಲ್ಲ. ಹೋಗಬೇಕೆನಿಸಿದಾಗ ಮಗಳ ಪರೀಕ್ಷೆಯೂ ನಿನ್ನ ಪರೀಕ್ಷೆಯೂ ಒಟ್ಟಿಗೆ ಬರಬಾರದಷ್ಟೆ.

ಮಗಳೆಂದರೆ ನೆನಪಾಯಿತು. "ಮಗು ಗತಿ ಏನು?" ಎಂದು ನಿನ್ನನ್ನು ಎಲ್ಲರೂ ಕೇಳುತ್ತಿದ್ದಾರಂತೆ. ಅಳಿಯಂದಿರು ಆರು ತಿಂಗಳು ಜರ್ಮನಿಗೆ ಹೋದಾಗ ಈ ಪ್ರಶ್ನೆ ಯಾರೂ ಕೇಳಿದ್ದು ನನಗೆ ಗೊತ್ತಿಲ್ಲ. ಆರು ವರ್ಷದ ಹುಡುಗಿಗೆ ಒಂದು ವರ್ಷ ಅಪ್ಪ ಜಡೆ ಹೆಣೆದರೆ ಜಡೆ ಸೊಟ್ಟಗಾಗಬಹುದು, ಬೇರೇನೂ ಆಗುವುದಿಲ್ಲ. ನಿನ್ನ ಲೆಕ್ಕದಲ್ಲಿ ಆ ಪ್ರಶ್ನೆಗೆ ಜಾಗ ಕೊಡಬೇಡ. ಅಳಿಯಂದಿರ ಒಂದೇ ಸಂಬಳದಲ್ಲಿ ಫ್ಲ್ಯಾಟಿನ ಇಎಂಐ, ಸ್ಕೂಲ್ ಫೀಸು, ಮನೆಖರ್ಚು ವರ್ಷ ಪೂರ್ತಿ ನಡೆಯುತ್ತದೆಯೇ ಎಂಬ ಪ್ರಶ್ನೆಗೆ ಕೊಡು. ಇಬ್ಬರೂ ಕೂತು ಅದನ್ನು ಕಾಗದದ ಮೇಲೆ ಬರೆದು ನನಗೆ ಫೋಟೋ ಕಳಿಸಿ.

ನಿನ್ನ ಅತ್ತೆ ಹಪ್ಪಳದ ಡಬ್ಬಿ ಕಟ್ಟಿಟ್ಟಿದ್ದಾಳೆ, ಬೆಂಗಳೂರಿಗೆ ಹೋಗುವವರ ಕೈಲಿ ಕಳಿಸುತ್ತಾಳಂತೆ.

ಇತಿ ಆಶೀರ್ವಾದಗಳು,
ನಿನ್ನ ಮಾವ

ತಾ.ಕ.: ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯ ವೈಸ್ ಪ್ರೆಸಿಡೆಂಟರ ಹತ್ತಿರ ಕೇಳಬೇಡ. ಅವರು ಇವಳು ಪರಿಶ್ರಮಿ ಎಂದು ಬರೆದು ಮುಗಿಸುತ್ತಾರೆ. ಚಿಕ್ಕಪೇಟೆ ಜಗಳದಲ್ಲಿ ನಿನ್ನ ಎದುರು ಪಕ್ಷದಲ್ಲಿದ್ದು ಆಮೇಲೆ ಒಪ್ಪಿಕೊಂಡರಲ್ಲ, ಅವರನ್ನು ಕೇಳು. ಇನ್ನೊಂದು: ಸಾಲಕ್ಕೆ ಜೊತೆ ಸಹಿಗೆ ನನ್ನ ಹೆಸರು ಬರೆಯಬೇಡ, ಪಿಂಚಣಿದಾರನ ವಯಸ್ಸು ನೋಡಿ ಬ್ಯಾಂಕಿನವರು ನಗುತ್ತಾರೆ. ಸಂಕ್ರಾಂತಿ ಹೊತ್ತಿಗೆ ನನ್ನದೊಂದು ಎಫ್‌ಡಿ ಮುಗಿಯುತ್ತದೆ. ಹೋಗುವುದೇ ಎಂದಾದರೆ ಮೊದಲ ಕಂತಿನ ಫೀಸಿಗೆ ಅದನ್ನು ತೆಗೆದುಕೋ, ಬಡ್ಡಿ ಬೇಡ.